ತಿದ್ದುವ ಮಾತು, ಮರಳುವ ಮನಸ್ಸು

ಹದಿನೇಳನೆಯ ಶತಮಾನದಲ್ಲಿ ಮಂಗಳೂರು ಕೆಳದಿಯ ವೀರಶೈವ ಅರಸರ ಆಳ್ವಿಕೆಗೊಳಪಟ್ಟ ರೇವುಪಟ್ಟಣವಾಗಿತ್ತು. ಘಟ್ಟವಿಳಿದು ಅಲ್ಲಿಗೆ ಹೋಗುವುದೆಂದರೆ ಆಗ ಹಲವು ದಿನಗಳ ಪ್ರಯಾಣ. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವಾದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಗೃಹಸ್ಥರಿಗೂ ಆಕಾಶಮಾರ್ಗವು ಹತ್ತಿರವಾಗಿದೆ. ವಿಮಾನವನ್ನೇರಿದವನು ತಾನು ಮುಖವನ್ನೇ ಕಾಣದ ಇಬ್ಬರ ಕೈಯಲ್ಲಿ ಪ್ರಾಣವನ್ನಿರಿಸಿ ಕುಳಿತಿರುತ್ತಾನೆ. ಆ ಕೈ ತಪ್ಪಿದಾಗ ಅದನ್ನು ವಿಧಿಯೆನ್ನಬೇಕೆ, ಆಚಾರಲೋಪವೆನ್ನಬೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

2010ನೆಯ ಇಸವಿ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನವೊಂದು ಮಂಗಳೂರಿನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದು ಉರಿದುಹೋಯಿತು. ಅದರಲ್ಲಿದ್ದ 166 ಮಂದಿಯಲ್ಲಿ ಬದುಕುಳಿದವರು ಎಂಟೇ ಜನ. ವಿಮಾನವು ಇಳಿಯಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಸಹಚಾಲಕನು ಮೂರು ಸಲ ಹೇಳಿದ್ದನು, ಯಂತ್ರವೂ ಎಚ್ಚರಿಸಿತ್ತು. ಪ್ರಯಾಣದಲ್ಲಿ ಬಹಳ ಹೊತ್ತು ನಿದ್ರಿಸಿ ಎದ್ದಿದ್ದ ಮುಖ್ಯಚಾಲಕನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ವಿಚಾರಣಾ ವರದಿಯಿಂದ ತಿಳಿಯುತ್ತದೆ.

ಸತ್ತವರ ಕರ್ಮವೇ ಹಾಗಿತ್ತೆಂದು ಹೇಳುವವರುಂಟು. ಈ ಮಾತು ಸಮಾಧಾನದಂತೆ ಕಂಡರೂ ಅದರಲ್ಲಿ ಕ್ರೌರ್ಯವಿದೆ. 2005ನೆಯ ಡಿಸೆಂಬರ್ 8ರಂದು ಅಮೆರಿಕದ ಶಿಕಾಗೋ ನಗರದಲ್ಲಿ, ಹಿಮ ಸುರಿಯುತ್ತಿದ್ದ ರಾತ್ರಿ, ವಿಮಾನವೊಂದು ರನ್‌ವೇ ಮೀರಿ ಬೇಲಿಯನ್ನು ಮುರಿದು ರಸ್ತೆಗೆ ಬಂದು ಕಾರಿಗೆ ಅಪ್ಪಳಿಸಿತು. ವಿಮಾನದೊಳಗೆ ಯಾರೂ ಸಾಯಲಿಲ್ಲ. ಕಾರಿನಲ್ಲಿದ್ದ ಆರು ವರ್ಷದ ಬಾಲಕ ಸತ್ತನು. ವೇಗ ತಗ್ಗಿಸುವ ಸಾಧನವನ್ನು ಚಾಲಕರು ಸಕಾಲದಲ್ಲಿ ಬಳಸಲಿಲ್ಲವೆಂದು ತನಿಖೆ ಹೇಳಿತು. ಅದನ್ನೂ ಆ ಮಗುವಿನ ಹಣೆಬರಹಕ್ಕೆ ಹೊರಿಸಿದರೆ ಕಾಯಕವೆಂಬ ಮಾತಿಗೆ ಅರ್ಥವೇ ಉಳಿಯದು. ಶರಣರು ಕಾಯಕವನ್ನು ಪೂಜೆಗೆ ಸಮನಾಗಿ ಎಣಿಸಿದ್ದು, ಮಾಡುವವನು ಅದಕ್ಕೆ ಉತ್ತರವಾದಿಯಾಗಿರುವುದರಿಂದಲೇ.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಭಕ್ತರಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮ ಅದನ್ನು ಒಪ್ಪದೆ, ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಅವನು ಹೋಗಿ ಸುರಿದು ಬಂದನು. ತಾನು ಗಂಡನೆಂಬ ಹಮ್ಮು ಅಲ್ಲಿ ಅಡ್ಡ ಬರಲಿಲ್ಲ. ಎಲ್ಲರಿಗೂ ತಾನು ಕಿರಿಯನೆಂದು ನಡೆಯುವ ಭೃತ್ಯಾಚಾರವನ್ನು ಜಂಗಮರೆದುರು ಪಾಲಿಸುವುದು ಸುಲಭ. ಮನೆಯಲ್ಲಿ ಸೊಸೆಯೋ ಅಂಗಡಿಯಲ್ಲಿ ಆಳೋ ತಪ್ಪು ತೋರಿದಾಗ ಅದು ಎಷ್ಟು ಜನರಲ್ಲಿ ಉಳಿಯುತ್ತದೆ?

ಮಂಗಳೂರಿನ ಮುಖ್ಯಚಾಲಕನು ಕೊನೆಗೆ ಮೇಲೇರಲು ಯತ್ನಿಸಿದನು, ಆದರೆ ನೆಲ ಮುಟ್ಟಿ, ವೇಗ ತಗ್ಗಿಸತೊಡಗಿದ ಮೇಲೆ. ಹಾಗೆ ಮಾಡದೆ ಪೂರ್ಣ ಬಲದಿಂದ ತಡೆ ಹಾಕಿದ್ದರೆ ಆಗಲೂ ನಿಲ್ಲಿಸಬಹುದಿತ್ತೆಂಬುದು ವರದಿಯ ಅಭಿಪ್ರಾಯ. ಸಹಚಾಲಕನ ವಿಷಯದಲ್ಲಿ ಮಾತ್ರ ತೀರ್ಮಾನ ಕಠಿಣ. ಮೂರು ಬಾರಿ ಹೇಳಿದ್ದರಿಂದ ಅವನ ಕರ್ತವ್ಯ ಮುಗಿಯಿತೆ, ಅಥವಾ ಹಿರಿಯನ ಕೈಯಿಂದ ಚಾಲನೆಯನ್ನೇ ತೆಗೆದುಕೊಳ್ಳಬೇಕಾಗಿತ್ತೆ?