ನಾದವೂ ನಿದ್ರೆಯೂ

ತೈತ್ತಿರೀಯೋಪನಿಷತ್ತಿನಲ್ಲಿ ಆನಂದಮೀಮಾಂಸೆಯೆಂಬ ಒಂದು ಭಾಗವುಂಟು. ಆನಂದಕ್ಕೂ ಒಂದು ಅಳತೆಯನ್ನು ಕಲ್ಪಿಸಹೊರಟ ಋಷಿಯು, ಸಜ್ಜನನೂ ಓದಿದವನೂ ದೃಢಕಾಯನೂ ಬಲಶಾಲಿಯೂ ಆದ ಒಬ್ಬ ತರುಣನನ್ನು ಮೊದಲು ನಮ್ಮ ಕಣ್ಣೆದುರಿಗೆ ನಿಲ್ಲಿಸಿ, ಸಂಪತ್ತಿನಿಂದ ತುಂಬಿದ ಈ ಪೃಥ್ವಿಯೆಲ್ಲವೂ ಅವನದಾದರೆ ಅವನಿಗಾಗುವ ಸುಖವೆಷ್ಟೋ ಅದು ಮನುಷ್ಯಾನಂದದ ಒಂದು ಮಾನವೆಂದು ಗೊತ್ತುಮಾಡಿ, ಅದರ ನೂರ್ಮಡಿ ಮನುಷ್ಯಗಂಧರ್ವರ ಆನಂದ, ಅದರ ನೂರ್ಮಡಿ ದೇವಗಂಧರ್ವರ ಆನಂದ ಎಂದು ಮೆಟ್ಟಿಲುಮೆಟ್ಟಿಲಾಗಿ ಏರುತ್ತ ಬ್ರಹ್ಮಾನಂದದವರೆಗೆ ನಮ್ಮನ್ನು ಕರೆದೊಯ್ಯುತ್ತಾನೆ. ತಾರುಣ್ಯ, ವಿದ್ಯೆ, ಬಲ, ಹಣ ಇವೆಲ್ಲವೂ ಕೂಡಿಬಂದ ಮನುಷ್ಯನಿಗಿಂತ ಒಂದು ಮೆಟ್ಟಿಲು ಮೇಲೆ ಶ್ರುತಿಯು ಕೂರಿಸಿದ್ದು ಗಾಯಕರೆಂದು ಹೆಸರಾದ ಗಂಧರ್ವರನ್ನು. ಬೆಂಗಳೂರಿನ ಇಂದಿರಾನಗರದ ಹನ್ನೆರಡನೆಯ ಮೇನ್ ರಸ್ತೆಯಲ್ಲಿ ಶನಿವಾರದ ಸಂಜೆ ನಡೆಯುವಾಗಲೆಲ್ಲ ನನಗೆ ಈ ಭಾಗವು ನೆನಪಾಗುತ್ತದೆ. ಏಕೆಂದರೆ ಋಷಿಯು ಕಲ್ಪಿಸಿಕೊಂಡ ಆ ತರುಣನೂ, ಅವನ ಜೊತೆಗೆ ಋಷಿಯು ಹೆಸರಿಸದ ತರುಣಿಯೂ, ಅಲ್ಲಿ ಕಾಲುದಾರಿಯ ತುಂಬ ಇದ್ದಾರೆ. ಮತ್ತು ಅವರೆಲ್ಲರೂ ಹಾಡಿನ ಸದ್ದು ಬರುವ ಕಡೆಗೇ ನಡೆಯುತ್ತಿದ್ದಾರೆ.

ಈ ಬಡಾವಣೆಯು ಮೊದಲಿನಿಂದ ಹೀಗಿದ್ದುದಲ್ಲ. ಎಚ್.ಎ.ಎಲ್. ಮೊದಲಾದ ಸಾರ್ವಜನಿಕ ಉದ್ದಿಮೆಗಳಲ್ಲಿ ದುಡಿದವರೂ ಸೈನ್ಯದಿಂದ ನಿವೃತ್ತರಾದವರೂ ಮನೆ ಕಟ್ಟಿಕೊಂಡು, ಅಂಗಳದಲ್ಲಿ ಗಿಡ ಬೆಳೆಸಿ, ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ ಹಾಕುತ್ತಿದ್ದ ನೆಮ್ಮದಿಯ ಜಾಗವದು. ಸಾಫ್ಟ್‌ವೇರ್ ಉದ್ಯಮದ ಹಣವು ನಗರದ ಪೂರ್ವಭಾಗಕ್ಕೆ ಹರಿದುಬಂದಂತೆ ನೂರು ಅಡಿ ರಸ್ತೆಯ ಇಕ್ಕೆಲದ ಬಂಗಲೆಗಳು ಅಂಗಡಿಗಳಾಗಿ, ಹೋಟೆಲುಗಳಾಗಿ ಮಾರ್ಪಟ್ಟವು. ೨೦೧೦ರಲ್ಲಿ ಟಾಯ್ಟ್ ಎಂಬ ಪಬ್ಬು ತೆರೆದು, ಬಿಯರನ್ನು ತನ್ನಲ್ಲಿಯೇ ತಯಾರಿಸಿ ಬಡಿಸುವ ಪದ್ಧತಿಯನ್ನು ಈ ರಸ್ತೆಯಲ್ಲಿ ನೆಲೆಗೊಳಿಸಿತು. ೨೦೧೧ರ ಅಕ್ಟೋಬರಿನಲ್ಲಿ ನಗರದ ಮೊದಲ ಮೆಟ್ರೋ ರೈಲು ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವೆ, ಇಂದಿರಾನಗರದ ಮೇಲೆಯೇ ಓಡತೊಡಗಿತು. ೨೦೧೩ರಲ್ಲಿ ಹನ್ನೆರಡನೆಯ ಮೇನಿನಲ್ಲಿ ಹಮ್ಮಿಂಗ್ ಟ್ರೀ ಎಂಬ ತಾಣವು ಬಾಗಿಲು ತೆರೆದು, ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವ ಬ್ಯಾಂಡುಗಳಿಗೆ ವೇದಿಕೆಯಾಯಿತು. ಇದೇ ಬಡಾವಣೆಯಲ್ಲಿ ಇಂದಿರಾನಗರ ಸಂಗೀತ ಸಭೆಯ ಪುರಂದರ ಭವನವೂ ಇದೆ. ಒಂದೇ ಸಂಜೆ, ಕೆಲವು ರಸ್ತೆಗಳ ಅಂತರದಲ್ಲಿ, ಒಂದು ಕಡೆ ತಂಬೂರಿಯ ಶ್ರುತಿಯೂ ಇನ್ನೊಂದು ಕಡೆ ಡ್ರಮ್ಮಿನ ಪೆಟ್ಟೂ ಏಳುತ್ತವೆ.

ಇಲ್ಲಿ ದೊರೆಯುವ ಸುಖವು ಸುಖವೇ ಹೌದೆ, ಅಥವಾ ಸುಖದ ವೇಷ ತೊಟ್ಟ ವ್ಯಾಮೋಹವೆ? ಧಾರ್ಮಿಕನಾದವನು ಇದಕ್ಕೆ ಥಟ್ಟನೆ ಉತ್ತರ ಕೊಟ್ಟುಬಿಡುತ್ತಾನೆ. ಮತ್ತು ಆ ಉತ್ತರಕ್ಕೆ ಶ್ರುತಿಯ ಬೆಂಬಲವೂ ಇಲ್ಲದಿಲ್ಲ. ಕಠೋಪನಿಷತ್ತಿನ ಯಮನು, ಮರಣದ ರಹಸ್ಯವನ್ನು ಕೇಳಿದ ನಚಿಕೇತನ ಮುಂದೆ ರಥಗಳೊಡನೆ, ವಾದ್ಯಗಳೊಡನೆ ಬಂದ ಸುಂದರಿಯರನ್ನು ಒಡ್ಡಿದಾಗ, ಆ ಬಾಲಕನು ನಿನ್ನ ವಾಹನಗಳೂ ನೃತ್ಯಗೀತಗಳೂ ನಿನ್ನಲ್ಲೇ ಇರಲಿ ಎಂದು ಹಿಂದಿರುಗಿಸುತ್ತಾನೆ. ಆದರೆ ನಚಿಕೇತನು ಗೀತವನ್ನು ನಿರಾಕರಿಸಿದ್ದು ಅದು ಕೀಳೆಂಬ ಕಾರಣದಿಂದಲ್ಲ. ತಾನು ಕೇಳಿದ ಪ್ರಶ್ನೆಗೆ ಪ್ರತಿಯಾಗಿ, ಆ ಪ್ರಶ್ನೆಯನ್ನು ಮರೆಸುವುದಕ್ಕಾಗಿ, ಅದನ್ನು ಕೊಡಲಾಗುತ್ತಿದೆ ಎಂಬ ಕಾರಣದಿಂದ. ಮರೆಸುವ ಗೀತವನ್ನು ಶ್ರುತಿಯು ತಳ್ಳಿತು. ಏರಿಸುವ ಗೀತಕ್ಕೆ ಅದೇ ಶ್ರುತಿಯು ಮೆಟ್ಟಿಲೊಂದನ್ನು ಮೀಸಲಿಟ್ಟಿತು. ಆದುದರಿಂದ ಪಬ್ಬಿನ ಬಾಗಿಲಲ್ಲಿ ನಿಂತು ಕೇಳಬೇಕಾದ ಪ್ರಶ್ನೆಯು ಒಳಗೆ ಏನನ್ನು ಕುಡಿಯುತ್ತಾರೆ ಎಂಬುದಲ್ಲ, ಅಲ್ಲಿ ಹಾಡನ್ನು ಯಾರಾದರೂ ಕೇಳುತ್ತಿದ್ದಾರೆಯೆ ಎಂಬುದು.

ಮದ್ಯದ ವಿಷಯದಲ್ಲಿ ನಾನು ಹೆಚ್ಚು ಹೇಳಲಾರೆ. ಅದರಿಂದ ಕೆಟ್ಟ ಸಂಸಾರಗಳನ್ನು ಬಲ್ಲೆನಾದ್ದರಿಂದ ಅದರ ಪರವಾಗಿ ವಾದಿಸುವ ಮನಸ್ಸೂ ನನಗಿಲ್ಲ. ಆದರೆ ಕಲ್ಯಾಣದ ಶರಣರ ಗೋಷ್ಠಿಯಲ್ಲಿ ಹೆಂಡ ಮಾರುವುದನ್ನೇ ಕಾಯಕವಾಗಿ ಉಳ್ಳ ಹೆಂಡದ ಮಾರಯ್ಯನಿಗೂ ಸ್ಥಾನವಿತ್ತು, ಆತನ ಹೆಸರಿನ ವಚನಗಳು ತನ್ನ ವೃತ್ತಿಯ ಸಾಮಗ್ರಿಯಿಂದಲೇ ತತ್ತ್ವವನ್ನು ಹೇಳುತ್ತವೆ ಎಂಬುದನ್ನು ನೆನೆದರೆ, ಗಡಿಗೆಯ ಪಕ್ಕದಲ್ಲಿ ಕುಳಿತವನಿಗೆ ಪರಮಾರ್ಥವು ನಿಷಿದ್ಧವೆಂದು ಸಾರುವ ಅಧಿಕಾರ ನಮಗೆ ಯಾರು ಕೊಟ್ಟರು ಎಂದು ತಡೆದು ನಿಲ್ಲಬೇಕಾಗುತ್ತದೆ. ಸಂಗೀತ ಪಿತಾಮಹರೆಂದು ನಾವು ಗೌರವಿಸುವ ಪುರಂದರದಾಸರಾದರೂ ಟಿಕೆಟ್ಟಿನ ಸಭಾಂಗಣದಲ್ಲಿ ಹಾಡಿದವರಲ್ಲ; ಗೋಪಾಳಬುಟ್ಟಿ ಹಿಡಿದು, ಕೊಳ್ಳುವವರೂ ಮಾರುವವರೂ ಜಗಳವಾಡುವವರೂ ತುಂಬಿದ ಬೀದಿಗಳಲ್ಲಿ ನಡೆದು ಹಾಡಿದವರು.

ರಘು ದೀಕ್ಷಿತರ ತಂಡವು ೨೦೦೮ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಪದಗಳನ್ನು ಹೊಸ ವಾದ್ಯಗಳೊಡನೆ ಹಾಡಿದ್ದು ಸಂಗೀತಪ್ರಿಯರಿಗೆಲ್ಲ ತಿಳಿದಿದೆ. ಕೆಲಕಾಲದ ಹಿಂದೆ ಇಂದಿರಾನಗರದ ಒಂದು ಪಬ್ಬಿನ ಮಹಡಿಯಲ್ಲಿ, ಅಷ್ಟು ಹೆಸರಿಲ್ಲದ ಒಬ್ಬ ತರುಣ ಗಾಯಕನು ಗಿಟಾರು ಹಿಡಿದು, ಸೋರುವ ಮಾಳಿಗೆಯನ್ನು ಕುರಿತ ಷರೀಫರ ಪದವನ್ನು ಎತ್ತಿಕೊಂಡುದನ್ನು ನಾನು ಕೇಳಿದೆ. ಮೊದಲ ಚರಣದವರೆಗೂ ಸುತ್ತಲಿನ ಮೇಜುಗಳಲ್ಲಿ ಸಂಬಳ, ಬಾಡಿಗೆ, ಯಾರದೋ ಮದುವೆ ಇವುಗಳ ಮಾತು ನಿಂತಿರಲಿಲ್ಲ. ಎರಡನೆಯ ಚರಣಕ್ಕೆ ಆತನು ಗಿಟಾರನ್ನು ಬಿಟ್ಟು, ಬೆರಳಿನಿಂದ ಅದರ ಮರವನ್ನಷ್ಟೇ ತಟ್ಟುತ್ತ, ದನಿಯನ್ನು ಏರಿಸುವ ಬದಲು ಇಳಿಸಿದನು. ಆಗ ಹತ್ತಿರದ ಮೇಜಿನವರು ಸುಮ್ಮನಾದರು, ಅವರನ್ನು ನೋಡಿ ಆಚೆಯವರೂ ಸುಮ್ಮನಾದರು. ಕನ್ನಡ ಬಾರದ, ಈಶಾನ್ಯದ ಕಡೆಯವನಂತೆ ತೋರಿದ ಹುಡುಗನೊಬ್ಬನು ಕೈಯಲ್ಲಿ ನಾಲ್ಕು ಗ್ಲಾಸುಗಳ ತಟ್ಟೆ ಹಿಡಿದು, ಅದನ್ನು ಎಲ್ಲಿ ಇಡಬೇಕೆಂಬುದನ್ನು ಮರೆತವನಂತೆ, ಪದವು ಮುಗಿಯುವವರೆಗೆ ಕಂಬಕ್ಕೆ ಒರಗಿ ನಿಂತಿದ್ದನು. ಅಜ್ಞಾನದಿಂದ ಸೋರುತ್ತಿರುವ ಮನೆಯ ಚಿತ್ರವು ಅಲ್ಲಿದ್ದವರಲ್ಲಿ ಎಷ್ಟು ಜನರಿಗೆ ಅರ್ಥವಾಯಿತೋ ಹೇಳಲಾಗದು. ಆದರೆ ಆ ಕೆಲವು ನಿಮಿಷ ಆ ಕೋಣೆಯು ಭಜನೆಯ ಮಂದಿರಕ್ಕಿಂತ ಯಾವ ವಿಧದಲ್ಲಿಯೂ ಕಡಿಮೆಯಾಗಿರಲಿಲ್ಲವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಶಾರ್ಙ್ಗದೇವನು ಹದಿಮೂರನೆಯ ಶತಮಾನದ ತನ್ನ ಸಂಗೀತರತ್ನಾಕರದಲ್ಲಿ ನಾದವನ್ನು ಆಹತ, ಅನಾಹತ ಎಂದು ಎರಡಾಗಿ ವಿಂಗಡಿಸಿ, ಯೋಗಿಗಳು ಉಪಾಸಿಸುವ ಅನಾಹತನಾದವು ಮುಕ್ತಿಯನ್ನು ಕೊಡುವುದಾದರೂ ರಂಜಿಸುವುದಿಲ್ಲ, ಪೆಟ್ಟಿನಿಂದ ಹುಟ್ಟುವ ಆಹತನಾದವಾದರೋ ಲೋಕವನ್ನು ರಂಜಿಸಿ ಭವವನ್ನೂ ಭಂಜಿಸುತ್ತದೆ ಎಂದು ಹೇಳಿರುವುದರಲ್ಲಿ ನಮ್ಮ ಪೂರ್ವಿಕರ ಔದಾರ್ಯವೆಲ್ಲ ಅಡಗಿದೆ. ರಂಜನೆಯು ಪಾಪವಲ್ಲ, ರಂಜನೆಯ ಬಾಗಿಲಿನಿಂದಲೇ ಒಳಹೊಗಬೇಕು. ಆದರೆ ಒಳಹೊಗುವುದಕ್ಕೆ ಕಿವಿಗೊಡಬೇಕು. ಶ್ರವಣವಿಲ್ಲದ ಕಡೆ ನಾದವು ಗದ್ದಲವೇ ಸರಿ. ಈ ದೋಷವನ್ನು ಪಬ್ಬುಗಳ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಮೃದಂಗದ ತನಿ ಆವರ್ತನವು ಮೊದಲಾದೊಡನೆ ಕಾಫಿಗಾಗಿ ಎದ್ದುಹೋಗುವ ಸಭಿಕರನ್ನು ನಮ್ಮ ಸಭಾಂಗಣಗಳೂ ಬಲ್ಲವು. ಗಂಟೆ ಎಂಟಾದ ಮೇಲೆ ಮೈಕು ಕಟ್ಟಿ, ತಾವೂ ಕೇಳದ ಧ್ವನಿಮುದ್ರಿಕೆಯನ್ನು ಊರಿಗೆಲ್ಲ ಕೇಳಿಸುವ ಉತ್ಸವ ಸಮಿತಿಗಳನ್ನೂ ನಾವು ಬಲ್ಲೆವು. ಪರರ ಶಾಂತಿಯನ್ನು ಕದಡಿ ಧ್ವನಿವರ್ಧಕದ ಮೂಲಕ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂದು ಸುಪ್ರೀಂ ಕೋರ್ಟು ೨೦೦೦ದಲ್ಲಿ ಹೇಳಿದ ಮಾತು ಗುಡಿ, ಮಸೀದಿ, ಇಗರ್ಜಿಗಳಿಗೆ ಸಲ್ಲುವಂತೆ ಪಬ್ಬಿಗೂ ಸಲ್ಲತಕ್ಕದ್ದು.

ಇಷ್ಟು ಹೇಳಿದ ಮೇಲೆ, ಪಬ್ಬಿನ ಹಿಂದಿನ ಅಡ್ಡರಸ್ತೆಯಲ್ಲಿ ಮಲಗಿರುವವರ ಮಾತನ್ನು ಆಡಲೇಬೇಕು. ಆ ರಸ್ತೆಗಳ ಹಿರಿಯರು ದೂರು ಬರೆದು ಬರೆದು ಬೇಸತ್ತಿದ್ದಾರೆ. ಅವರನ್ನು ಹಳಬರೆಂದೂ ಅರಸಿಕರೆಂದೂ ತಳ್ಳಿಹಾಕುವುದು ಸುಲಭ. ಆದರೆ ನಿದ್ರೆಯೆಂಬುದನ್ನು ಉಪನಿಷತ್ತುಗಳು ಕಂಡ ರೀತಿಯೇ ಬೇರೆ. ದಾರಕ್ಕೆ ಕಟ್ಟಿದ ಹಕ್ಕಿಯು ದಿಕ್ಕುದಿಕ್ಕಿಗೂ ಹಾರಿ, ಎಲ್ಲಿಯೂ ನೆಲೆ ಕಾಣದೆ, ಕೊನೆಗೆ ತನ್ನನ್ನು ಕಟ್ಟಿದ ಗೂಟಕ್ಕೇ ಮರಳುವಂತೆ, ದಿನವೆಲ್ಲ ಅಲೆದ ಮನಸ್ಸು ನಿದ್ರೆಯಲ್ಲಿ ತನ್ನ ಮೂಲವನ್ನು ಸೇರುತ್ತದೆ ಎಂದು ಉದ್ದಾಲಕನು ಶ್ವೇತಕೇತುವಿಗೆ ಬೋಧಿಸಿದನು. ಬೃಹದಾರಣ್ಯಕದಲ್ಲಿಯಂತೂ ಯಾಜ್ಞವಲ್ಕ್ಯನು ಜನಕರಾಜನಿಗೆ ಗಾಢನಿದ್ರೆಯನ್ನು ವರ್ಣಿಸುತ್ತ, ಇದೇ ಪರಮಾನಂದ, ಇತರ ಜೀವಿಗಳೆಲ್ಲ ಇದರ ಒಂದು ಕಣವನ್ನುಂಡು ಬದುಕುತ್ತವೆ ಎಂದು ನುಡಿದು, ಗಂಧರ್ವಲೋಕವನ್ನು ಒಳಗೊಂಡ ಅದೇ ಆನಂದದ ಮೆಟ್ಟಿಲುಗಳನ್ನು ಅಲ್ಲಿಯೇ ಎಣಿಸುತ್ತಾನೆ. ನಿದ್ರೆಯ ವರ್ಣನೆಯ ನಡುವೆಯೇ ಗಂಧರ್ವರ ಆನಂದವು ಬಂದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಹಾಡು ಕೇಳುವವನೂ ಮಲಗಿದವನೂ ಅರಸುತ್ತಿರುವುದು ಒಂದನ್ನೇ: ತನ್ನ ಚಿಕ್ಕ ಅಹಂಕಾರದಿಂದ ಕೊಂಚ ಹೊತ್ತಿನ ಬಿಡುಗಡೆ. ಹಾಗಾದರೆ ಒಬ್ಬನ ಬಿಡುಗಡೆಯು ಇನ್ನೊಬ್ಬನ ಬಿಡುಗಡೆಯನ್ನು ಕಿತ್ತುಕೊಂಡು ನಡೆಯುವುದನ್ನು ಆನಂದವೆಂದು ಕರೆಯುವುದು ಹೇಗೆ?

ಇವರಿಬ್ಬರ ವ್ಯಾಜ್ಯದಲ್ಲಿ ಭೌತವಿಜ್ಞಾನಕ್ಕೂ ಒಂದು ಪಾತ್ರವಿದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ೪೫ ಡೆಸಿಬಲ್ಲುಗಳ ಮಿತಿಯನ್ನು ಹಾಕಿವೆ. ಡೆಸಿಬಲ್ಲಿನ ಲೆಕ್ಕದಲ್ಲಿ ಹತ್ತು ಏರಿದರೆ ಶಬ್ದದ ತೀವ್ರತೆಯು ಹತ್ತುಪಟ್ಟು ಏರುವುದರಿಂದ, ೪೫ರ ಜಾಗದಲ್ಲಿ ೭೫ ಕೇಳಿಸಿದರೆ ಅದು ಸಾವಿರ ಪಟ್ಟು. ಹಾಡುಗಾರನ ಕಂಠವನ್ನು ಒಂದು ಗೋಡೆಯು ಬಹುಮಟ್ಟಿಗೆ ತಡೆಯಬಲ್ಲದು. ಬೇಸ್ ಎಂದು ಕರೆಯುವ ಮಂದ್ರದ ತರಂಗವಾದರೋ, ಐವತ್ತು ಹರ್ಟ್ಸಿನಲ್ಲಿ ಸುಮಾರು ಏಳು ಮೀಟರು ಉದ್ದವಾದುದು, ಸಾಮಾನ್ಯವಾದ ಗೋಡೆಯನ್ನೂ ಕಿಟಕಿಯನ್ನೂ ಲೆಕ್ಕಿಸದೆ ದಾಟಿಬರುತ್ತದೆ. ಆದುದರಿಂದ ಅಡ್ಡರಸ್ತೆಯ ಮುದುಕಿಗೆ ರಾತ್ರಿ ಹನ್ನೊಂದರಲ್ಲಿ ತಲುಪುವುದು ಹಾಡಿನ ಮಾತೂ ಅಲ್ಲ, ರಾಗವೂ ಅಲ್ಲ, ಎದೆಯೊಳಗೆ ಕುಟ್ಟುವ ಒಂದು ಪೆಟ್ಟು ಮಾತ್ರ. ಮನೆಗಾಗಿ ಕಟ್ಟಿದ ಬಂಗಲೆಗಳಿಗೆ ಸಂಗೀತಶಾಲೆಯ ಗೋಡೆ ಇಲ್ಲದಿರುವುದೂ, ತಾರಸಿಯ ಮೇಲೆ ಗೋಡೆಯೇ ಇಲ್ಲದಿರುವುದೂ ಇದಕ್ಕೆ ಕಾರಣ.

ಇದಕ್ಕೆ ಸರ್ಕಾರವು ಕಂಡುಕೊಂಡ ಮದ್ದು ಪರವಾನಗಿ. ಸಾರ್ವಜನಿಕ ಮನರಂಜನೆಯ ಸ್ಥಳಗಳನ್ನು ನಿಯಂತ್ರಿಸುವ ೨೦೦೫ರ ಆದೇಶವನ್ನು ಸುಪ್ರೀಂ ಕೋರ್ಟು ೨೦೧೮ರ ಜನವರಿಯಲ್ಲಿ ಎತ್ತಿಹಿಡಿದ ಬಳಿಕ, ಹಲವು ತಾಣಗಳಲ್ಲಿ ಪರವಾನಗಿಯಿಲ್ಲದ ಸಂಗೀತವು ನಿಂತಿತು. ಹಮ್ಮಿಂಗ್ ಟ್ರೀ ೨೦೧೯ರಲ್ಲಿ ಮುಚ್ಚಿತು. ಬಾರುಗಳು ಈಗ ರಾತ್ರಿ ಒಂದರವರೆಗೆ ತೆರೆದಿರಬಹುದು. ಕುಡಿಯುವುದಕ್ಕೆ ಹೊತ್ತು ಹೆಚ್ಚಾಗಿ, ಹೊಸ ಹಾಡು ಕಟ್ಟುವ ಹುಡುಗರಿಗೆ ನೆಲೆ ಕಡಿಮೆಯಾದ ಈ ವ್ಯವಸ್ಥೆಯು ನನಗೆ ತಲೆಕೆಳಗಾದುದಾಗಿ ಕಾಣುತ್ತದೆ. ಶ್ರುತಿಯ ಮೆಟ್ಟಿಲುಗಳಲ್ಲಿ ಯಾವುದು ಮೇಲಿನದೋ ಅದನ್ನು ಕೆಡವಿ, ಕೆಳಗಿನದನ್ನು ಅಗಲ ಮಾಡಿದಂತಾಯಿತು.

ಅದೇ ಆನಂದಮೀಮಾಂಸೆಯಲ್ಲಿ, ಮನುಷ್ಯಗಂಧರ್ವರಿಂದ ಮೊದಲುಗೊಂಡು ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಋಷಿಯು ಒಂದು ಮಾತನ್ನು ಸೇರಿಸುತ್ತಾನೆ: ಈ ಆನಂದವು ಕಾಮದ ಪೆಟ್ಟಿಗೆ ಸಿಕ್ಕದ ಶ್ರೋತ್ರಿಯನಿಗೂ ಉಂಟು ಎಂದು. ಅಂದರೆ ಗಂಧರ್ವರ ಸುಖಕ್ಕಾಗಿ ಗಂಧರ್ವಲೋಕಕ್ಕೆ ಹೋಗಬೇಕಾಗಿಲ್ಲ, ಇದ್ದಲ್ಲಿಯೇ ಅದು ಲಭ್ಯ; ಬೇಕಾದುದು ಇನ್ನೂ ಬೇಕು ಎಂಬ ಹಪಹಪಿಯಿಲ್ಲದ ಮನಸ್ಸು. ಸದ್ದನ್ನು ಏರಿಸುತ್ತ ಹೋಗುವುದು ಆ ಹಪಹಪಿಯ ಲಕ್ಷಣವೇ ಹೊರತು ಆನಂದದ ಲಕ್ಷಣವಲ್ಲ.

ಸಂಗೀತವನ್ನು ಮುಚ್ಚಿಸಿರೆಂದು ನಾನು ಕೇಳುವವನಲ್ಲ. ತಾಣಗಳ ಒಡೆಯರು ಒಳಾಂಗಣದ ಅಲಂಕಾರಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಶಬ್ದ ತಡೆಯುವ ಗೋಡೆಗೆ ಹಾಕಲಿ. ರಾತ್ರಿ ಹತ್ತಾದ ಮೇಲೆ ತಾರಸಿಯ ಧ್ವನಿವರ್ಧಕಗಳನ್ನು ಪೂರ್ತಿಯಾಗಿ ಆರಿಸಲಿ. ಸರ್ಕಾರವು ಸಣ್ಣ ಸಂಗೀತಶಾಲೆಗಳಿಗೆ ಪರವಾನಗಿಯನ್ನು ಸುಲಭಮಾಡಿ, ಡೆಸಿಬಲ್ಲಿನ ಮಿತಿಯನ್ನು ಮಾತ್ರ ಕಟ್ಟುನಿಟ್ಟಾಗಿ ಅಳೆಯಲಿ. ಓದುಗರಾದ ನೀವು ಎಂದಾದರೂ ಅಂಥ ಕೋಣೆಯಲ್ಲಿ ಕುಳಿತಿರುವಾಗ ಒಬ್ಬ ತರುಣನೋ ತರುಣಿಯೋ ಎದ್ದು ನಿಂತು ತನ್ನ ಹಾಡನ್ನು ಎತ್ತಿಕೊಂಡರೆ, ಆ ಒಂದು ಹಾಡು ಮುಗಿಯುವವರೆಗಾದರೂ ಮಾತು ನಿಲ್ಲಿಸಿ ಕೇಳಿರಿ.