ಲೆವೆಲ್ ಇಳಸ್ಲೇನ್ರಿ, ಸರ್?

ಮೂರು ವಾರಗಳಿಂದ ನಾನು ಐಸಾಕ್ ಫ್ರಾಸ್ಟ್ ಎಂಬುವನ ಕೈಯಲ್ಲಿ ಪೆಟ್ಟು ತಿನ್ನುತ್ತಿದ್ದೆ. ಗಾಬರಿಯಾಗಬೇಡಿ, ಅವನು ಟೀವಿಯೊಳಗಿನವನು. ವಾಗ್ಳೆ ಎಸ್ಟೇಟಿನ ನಮ್ಮ ಆಫೀಸಿನಲ್ಲಿ ಊಟದ ಹಾಲ್ ಪಕ್ಕ ಒಂದು ಆಟದ ಕೋಣೆ ಇದೆ. ಟೇಬಲ್ ಟೆನಿಸ್ ಮೇಜು, ಎರಡು ಕೇರಂ ಬೋರ್ಡು, ಮೂಲೆಯಲ್ಲಿ ಹಳೆಯ ಪ್ಲೇಸ್ಟೇಷನ್ 3, ಅದರಲ್ಲಿ 2011ರ ಫೈಟ್ ನೈಟ್ ಚಾಂಪಿಯನ್ ಎಂಬ ಬಾಕ್ಸಿಂಗ್ ಆಟ. ಆ ಆಟದ ಕಥೆಯಲ್ಲಿ ಕೊನೆಗೆ ಎದುರಾಗುವ ದೈತ್ಯನೇ ಈ ಫ್ರಾಸ್ಟ್. 1960ರ ದಶಕದಲ್ಲಿ ಎಂಐಡಿಸಿ ಬೆಳೆಸಿದ ಈ ಪ್ರದೇಶದಲ್ಲಿ ಒಂದು ಕಾಲಕ್ಕೆ ಜನ ಕೈಯಿಂದ ಕಬ್ಬಿಣ ಬಗ್ಗಿಸುತ್ತಿದ್ದರು. ಈಗ ಗಾಜಿನ ಕಟ್ಟಡದೊಳಗೆ ಕೂತು, ಮೊಸರನ್ನ ತಿಂದು, ಹೆಬ್ಬೆರಳಲ್ಲಿ ಗುದ್ದಾಡುತ್ತೇವೆ.

ಅವತ್ತು ಎರಡನೇ ರೌಂಡಿಗೇ ನಾನು ಮಲಗಿದೆ. ಹಿಂದೆ ನಿಂತು ನೋಡುತ್ತಿದ್ದ ಹುಬ್ಬಳ್ಳಿಯ ಹುಡುಗ, ನಮ್ಮ ಟೀಮಿನ ಟೆಸ್ಟರ್, ಬಹಳ ಮರ್ಯಾದೆಯಿಂದ ಕೇಳಿದ: "ಲೆವೆಲ್ ಇಳಸ್ಲೇನ್ರಿ, ಸರ್?"

ಬೇಡ ಅಂದೆ. ಸಿಟ್ಟು ಬಂತು. ಯಾಕೆ ಅಂತ ಸಂಜೆ ಶ್ರೀನಗರದ ಮನೆಗೆ ನಡೆದು ಹೋಗುವಾಗ ಯೋಚಿಸಿದೆ. ಲೆವೆಲ್ ಇಳಿಸಿದರೆ ಗೆಲ್ಲುತ್ತಿದ್ದೆ. ಗೆಲ್ಲುವುದಕ್ಕಲ್ಲದೆ ಮತ್ಯಾವುದಕ್ಕೆ ಆಡುತ್ತಿದ್ದೆ?

ನಮ್ಮ ವೃತ್ತಿಯವರಿಗೆ ಒಂದು ಸಂಗತಿ ಗೊತ್ತಿರುತ್ತದೆ, ಆಡುವಾಗ ಮರೆತಿರುತ್ತೇವೆ. ಸೋಲದ ಕಂಪ್ಯೂಟರ್ ಬಾಕ್ಸರನ್ನು ಬರೆಯುವುದು ದೊಡ್ಡ ವಿದ್ಯೆಯಲ್ಲ. ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ ಎಂದುಕೊಳ್ಳಿ. ಒಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡ್. ನಮ್ಮ ಕಣ್ಣು ನೋಡಿ, ತಲೆಗೆ ತಿಳಿದು, ಬೆರಳು ಅಲುಗಲು 200ರಿಂದ 250 ಮಿಲಿಸೆಕೆಂಡ್ ಬೇಕು. ನಾನು ಗುಂಡಿ ಒತ್ತಿದ ಕ್ಷಣವೇ ಪ್ರೋಗ್ರಾಮಿಗೆ ಗೊತ್ತು. ನನ್ನ ಮುಷ್ಟಿ ಪರದೆಯ ಮೇಲೆ ಹೊರಡುವ ಮೊದಲೇ ಅದು ತಡೆ ಹಿಡಿಯಬಹುದು. ಹಾಗೆ ಮಾಡಿದರೆ ಆಟ ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಎಂಜಿನಿಯರುಗಳ ಶ್ರಮವೆಲ್ಲ ಕಳೆಯುವುದರಲ್ಲೇ. ಒಂದಿಷ್ಟು ತಡ ಸೇರಿಸು. ದಣಿವು ಸೇರಿಸು. ಕೆಲವು ಸಲ ತಪ್ಪಾಗಿ ಊಹಿಸಲಿ. ಪೆಟ್ಟು ಬಿದ್ದರೆ ಗಾರ್ಡ್ ಇಳಿಯಲಿ, ರೆಪ್ಪೆ ಹರಿದರೆ ಆ ಕಡೆಯ ಹೊಡೆತ ಕಾಣದಿರಲಿ. 'ನಿಜವಾದ ಎದುರಾಳಿಯಂತೆ ಇದೆ' ಎಂದು ನಾವು ಹೊಗಳುವುದು ಹೀಗೆ ಲೆಕ್ಕ ಹಾಕಿ ಸೇರಿಸಿದ ದೌರ್ಬಲ್ಯಗಳನ್ನು.

ನಿಂಟೆಂಡೋದ ಪಂಚ್-ಔಟ್ 1984ರಲ್ಲಿ ಬಂದಾಗ ಇಂಥ ಸೋಗು ಇರಲಿಲ್ಲ. ಅಲ್ಲಿ ಎದುರಾಳಿ ಹೊಡೆಯುವ ಮೊದಲು ಒಂದು ಸನ್ನೆ ಕೊಡುತ್ತಿದ್ದ. ಸನ್ನೆ ಕಲಿತರೆ ಗೆದ್ದಿರಿ. ನಾನು ಮನುಷ್ಯನಲ್ಲ, ಬಿಡಿಸಬೇಕಾದ ಒಗಟು ಎಂದು ಆಟ ಬಾಯಿಬಿಟ್ಟು ಹೇಳುತ್ತಿತ್ತು. ಅದರಲ್ಲಿ ಒಂದು ಪ್ರಾಮಾಣಿಕತೆ ಇತ್ತು ಅನ್ನಿಸುತ್ತದೆ ಈಗ.

ಇಂದಿನ ಆಟಗಾರರ ದೊಡ್ಡ ದೂರು, ಕಂಪ್ಯೂಟರ್ ನಮ್ಮ ಗುಂಡಿಯನ್ನು ಕದ್ದು ನೋಡುತ್ತದೆ ಎಂಬುದು. 'ಇನ್‌ಪುಟ್ ರೀಡಿಂಗ್' ಎಂದು ಬೈಯುತ್ತಾರೆ. ನಮಗೆ ಹೊಸ ಹೆಸರು ಬೇಕಿಲ್ಲ. ಎದುರಿಗೆ ನಿಂತವನ ಅರ್ಧ ಬಲ ತನಗೇ ಬರುವಂಥ ವರ ಪಡೆದ ಒಬ್ಬ ಮುಷ್ಟಿಯುದ್ಧದವನು ನಮ್ಮ ಕಥೆಯಲ್ಲಿ ಮೊದಲಿನಿಂದ ಇದ್ದಾನೆ. ಸುಗ್ರೀವ ಎಷ್ಟು ಬಲ ಹಾಕಿದರೂ ಅದು ವಾಲಿಯ ಖಾತೆಗೇ ಜಮೆ.

ಆದರೆ ಇದರ ತಿರುವುಮುರುವು ಇನ್ನೂ ವಿಚಿತ್ರ. 2005ರ ರೆಸಿಡೆಂಟ್ ಈವಿಲ್ 4 ಎಂಬ ಆಟ, ನೀವು ಪದೇ ಪದೇ ಸತ್ತರೆ, ನಿಮಗೆ ಹೇಳದೆಯೇ ಶತ್ರುಗಳನ್ನು ಸಡಿಲಗೊಳಿಸುತ್ತಿತ್ತು. ತನ್ನ ಅರ್ಧ ಬಲವನ್ನು ಗುಟ್ಟಾಗಿ ಸುಗ್ರೀವನ ಜೇಬಿಗೆ ಹಾಕಿ, ಆಮೇಲೆ 'ಅಯ್ಯೋ' ಎಂದು ಬೀಳುವ ವಾಲಿ! ಮೊದಲನೆಯದನ್ನು ಎಲ್ಲರೂ ಮೋಸ ಎನ್ನುತ್ತಾರೆ. ಎರಡನೆಯದನ್ನು 'ಒಳ್ಳೆಯ ಡಿಸೈನ್' ಎನ್ನುತ್ತಾರೆ. ನನಗೆ ಎರಡನೆಯದರ ಬಗ್ಗೆಯೇ ಹೆಚ್ಚು ಅನುಮಾನ. ಮೊದಲನೆಯದರಲ್ಲಿ ನಾನು ಸೋಲುತ್ತೇನೆ, ಸೋತದ್ದು ನನಗೆ ಗೊತ್ತಿರುತ್ತದೆ. ಎರಡನೆಯದರಲ್ಲಿ ಗೆದ್ದೆನೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ.

ಗೊತ್ತಾಗುವುದಿಲ್ಲ ಎಂಬುದನ್ನು ಆಟ ಮಾಡುವವರೇ ಪರೀಕ್ಷಿಸಿ ನೋಡಿದ್ದಾರೆ. ಹೇಲೋ ಆಟ ಮಾಡಿದ ಬಂಜಿ ಕಂಪನಿಯವರು 2002ರಲ್ಲಿ ವಿವರಿಸಿದ ಒಂದು ಪ್ರಯೋಗ ನಮ್ಮ ಟೆಸ್ಟಿಂಗ್ ಟೀಮಿನವರೆಲ್ಲ ಕೇಳಬೇಕಾದದ್ದು. ಶತ್ರುಗಳ ಬುದ್ಧಿಯನ್ನು ಮುಟ್ಟದೆ, ಪೆಟ್ಟು ತಡೆದುಕೊಳ್ಳುವ ಶಕ್ತಿಯನ್ನಷ್ಟೇ ಹೆಚ್ಚಿಸಿದರು. ಆಡಿದವರು 'ಇವು ಬಹಳ ಬುದ್ಧಿವಂತ ಶತ್ರುಗಳು' ಎಂದರು. ಬೇಗ ಸಾಯದವನು ಜಾಣನಂತೆ ಕಾಣುತ್ತಾನೆ, ಅಷ್ಟೇ.

ಇಷ್ಟು ಹೇಳಿದ ಮೇಲೆ ನನ್ನದೇ ವಾದಕ್ಕೆ ಒಂದು ತೊಡಕಿದೆ. ಸೋಲಲೆಂದೇ ಬರುವ ಎದುರಾಳಿ ನಮಗೆ ಹೊಸಬನಲ್ಲ. ಚಿಕ್ಕವನಿದ್ದಾಗ ಡೊಂಬಿವಿಲಿಯಲ್ಲಿ ನಮ್ಮ ಊರಿನವರ ತಾಳಮದ್ದಳೆಗೆ ಅಪ್ಪ ಕರೆದುಕೊಂಡು ಹೋಗುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಲ್ಯದಲ್ಲಿ ಕೂತ ಇಬ್ಬರು ಹಿರಿಯರು ಮಾತಿನಲ್ಲೇ ಯುದ್ಧ ಮಾಡುವುದು. ವಾಲಿವಧೆಯ ಪ್ರಸಂಗವಾದರೆ ವಾಲಿ ಸಾಯಲೇಬೇಕು, ಅದರಲ್ಲಿ ಯಾರಿಗೂ ಸಂಶಯವಿಲ್ಲ. ಭಾಗವತರ ಪದ್ಯ ಮೊದಲೇ ಬರೆದದ್ದು. ಆದರೆ ಅರ್ಥ ಮೊದಲೇ ಬರೆದದ್ದಲ್ಲ. ಮರದ ಮರೆಯಿಂದ ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ, ರಾಮನ ಪಾತ್ರಧಾರಿ ಅಲ್ಲೇ ಉತ್ತರ ಹುಡುಕಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿಯನ್ನು ಕೇಳಿದ ಹಿರಿಯರು, ಅಂಥ ವಾಲಿಯ ಎದುರು ರಾಮನಾಗಿ ಕೂರುವವನಿಗೆ ಬೆವರು ಇಳಿಯುತ್ತಿತ್ತು ಎನ್ನುತ್ತಿದ್ದರು.

ಒಳ್ಳೆಯ ಅರ್ಥಧಾರಿಗೂ ಒಂದು 'ಲೆವೆಲ್' ಇರುತ್ತದೆ. ಎದುರು ಕೂತವನು ಹೊಸಬನಾದರೆ, ಅವನ ಕೈಗೆ ಸಿಗುವಂತೆ ಮಾತಿನ ಒಂದು ಎಳೆಯನ್ನು ಬಿಟ್ಟುಕೊಡುತ್ತಾರೆ. ರಾಮ ನಿರುತ್ತರನಾದರೆ ಪ್ರಸಂಗ ಮುಂದೆ ಹೋಗಬೇಕಲ್ಲ. ಹಾಗಾದರೆ ಇವರಿಗೂ ಆ ಪ್ರೋಗ್ರಾಮಿಗೂ ವ್ಯತ್ಯಾಸವೇನು? ಇಬ್ಬರೂ ಬಲ ತಗ್ಗಿಸಿ ಆಡುವವರೇ. ಬಹಳ ದಿನ ಇದಕ್ಕೆ ಉತ್ತರ ಹೊಳೆಯಲಿಲ್ಲ. ಅವರು ಮನುಷ್ಯರು, ಇದು ಯಂತ್ರ ಎನ್ನುವುದು ಉತ್ತರವಲ್ಲ, ಪ್ರಶ್ನೆಯನ್ನೇ ಇನ್ನೊಂದು ಸಲ ಹೇಳಿದಂತೆ.

ಈ ನಡುವೆ ಮಗ ಬಾಕ್ಸಿಂಗ್ ಕಲಿಯುತ್ತೇನೆ ಎಂದ. ಹದಿನಾಲ್ಕು ವರ್ಷ. ಮನೆಯಲ್ಲಿ ಅನ್‌ಡಿಸ್ಪ್ಯೂಟೆಡ್ ಎಂಬ ಹೊಸ ಬಾಕ್ಸಿಂಗ್ ಆಟ ಆಡಿ ಆಡಿ ಜ್ಯಾಬ್, ಹುಕ್ ಎಲ್ಲ ಬಾಯಿಪಾಠ. ಹೆಂಡತಿಗೆ ಸುತರಾಂ ಇಷ್ಟವಿರಲಿಲ್ಲ. 2022ರ ಜುಲೈಯಲ್ಲಿ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ಬಿದ್ದು ಮೈಸೂರಿನ 23 ವರ್ಷದ ಹುಡುಗ ತೀರಿಕೊಂಡದ್ದನ್ನು ಅವಳು ಮರೆತಿರಲಿಲ್ಲ. ಆ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡಿತ್ತು. ಹೆಲ್ಮೆಟ್ ಇರುತ್ತದೆ, ಮಕ್ಕಳ ಕ್ಲಾಸು, ಕೋಚ್ ಪಕ್ಕದಲ್ಲೇ ನಿಂತಿರುತ್ತಾರೆ ಎಂದೆಲ್ಲ ಹೇಳಿ ಒಪ್ಪಿಸಿದೆ.

ಎರಡು ತಿಂಗಳು ಹಗ್ಗ ಜಿಗಿಯುವುದು, ಚೀಲಕ್ಕೆ ಗುದ್ದುವುದು. ಆಮೇಲೆ ಒಂದು ಶನಿವಾರ ಮೊದಲ ಸಲ ಮನುಷ್ಯನ ಎದುರು ನಿಲ್ಲಿಸಿದರು. ಎದುರಿಗಿದ್ದವನು ಕಿಸನ್ ನಗರದ ಹುಡುಗ, ಒಂದು ವರ್ಷ ದೊಡ್ಡವನು, ಮೂರು ವರ್ಷದಿಂದ ಕಲಿಯುತ್ತಿರುವವನು. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಅವನು ಮೆಲ್ಲ ತಟ್ಟುತ್ತಿದ್ದ, ನನ್ನವನು ಹಲ್ಲು ಕಚ್ಚಿ ಬೀಸುತ್ತಿದ್ದ. ಒಂದು ಸಲ ಅವನು ಗಾರ್ಡ್ ತುಸು ತೆರೆದ, ಬೇಕೆಂದೇ ತೆರೆದ, ಹೊಡಿ ಎಂಬಂತೆ. ಇವನು ಹೊಡೆದ. ಮೂಗಿಗೆ ಬಿತ್ತು. ರಕ್ತ ಬಂತು. ಆ ಹುಡುಗ ಅಂಗೈಯಲ್ಲಿ ಒರೆಸಿಕೊಂಡು ಮರಾಠಿಯಲ್ಲಿ "ಚಾಂಗಲಾ ಹೋತಾ" ಅಂದ. ಚೆನ್ನಾಗಿತ್ತು ಅಂತ.

ಮನೆಗೆ ಬರುವ ದಾರಿಯಲ್ಲಿ ಮಗ ಕೇಳಿದ: "ಅಪ್ಪ, ಅವ ಬೇಕಂತ್ಲೇ ಮೆಲ್ಲ ಹೊಡೀತಿದ್ನಾ?"

"ಹೌದು ಮಗಾ, ನೀನು ಹೊಸಬ ಅಲ್ವಾ."

ಸ್ವಲ್ಪ ದೂರ ಸುಮ್ಮನೆ ನಡೆದ. "ನೀನೂ ಕೇರಂನಲ್ಲಿ ಹಾಗೇ ಮಾಡ್ತಿದ್ದದ್ದಾ?"

ಇಲ್ಲ ಎಂದೆ. ಅದು ಸುಳ್ಳು. ಅವನಿಗೆ ಆರೇಳು ವರ್ಷವಿದ್ದಾಗ, ಗೆಲ್ಲುವ ಹೊತ್ತಿಗೆ ಸರಿಯಾಗಿ ನಾನು ಸ್ಟ್ರೈಕರನ್ನು ಕುಳಿಗೆ ಹಾಕಿಕೊಂಡು ದಂಡ ತೆರುತ್ತಿದ್ದೆ. ಅವನು ಕುಣಿಯುತ್ತಿದ್ದ, ಅಡುಗೆ ಮನೆಗೆ ಓಡಿ ಅಮ್ಮನಿಗೆ ಹೇಳುತ್ತಿದ್ದ. ಯಾವ ತಂದೆ ಮಾಡಿಲ್ಲ ಹೇಳಿ. ಅವತ್ತು ಮಾಡಿದ್ದು ತಪ್ಪಲ್ಲ ಎಂದೇ ಈಗಲೂ ಅನ್ನುತ್ತೇನೆ. ಕೇಳಿದಾಗ ಇಲ್ಲ ಎಂದದ್ದು ಮಾತ್ರ ಚುಚ್ಚುತ್ತಿದೆ.

ಉಡುಗೊರೆಯಾಗಿ ಬಂದ ಗೆಲುವು ಎಷ್ಟು ಭಾರ ಎಂಬುದಕ್ಕೆ ಬಾಕ್ಸಿಂಗಿನಲ್ಲೇ ಒಂದು ಕಥೆ ಇದೆ. 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್. ಅಮೆರಿಕದ ರಾಯ್ ಜೋನ್ಸ್ 86 ಹೊಡೆತ ಮುಟ್ಟಿಸಿದರೆ ಆತಿಥೇಯ ಕೊರಿಯಾದ ಪಾರ್ಕ್ ಸಿ-ಹುನ್ ಮುಟ್ಟಿಸಿದ್ದು 32 ಎಂದು ಎಣಿಸಿದವರ ಲೆಕ್ಕ. ತೀರ್ಪುಗಾರರು 3–2ರಿಂದ ಚಿನ್ನವನ್ನು ಪಾರ್ಕ್‌ಗೆ ಕೊಟ್ಟರು. ಜೋನ್ಸ್‌ಗೆ ಅನ್ಯಾಯವಾಯಿತು ಎಂದು ಜಗತ್ತೆಲ್ಲ ಹೇಳಿತು. ಗೆದ್ದವನ ಗತಿಯನ್ನು ಯೋಚಿಸಿದವರು ಕಡಿಮೆ. 35 ವರ್ಷಗಳ ನಂತರ, 2023ರಲ್ಲಿ, ಪಾರ್ಕ್ ಅಮೆರಿಕದ ಜೋನ್ಸ್ ಮನೆಗೇ ಹೋಗಿ ಆ ಪದಕವನ್ನು ಅವರ ಕೈಗೆ ಒಪ್ಪಿಸಿದರು. ಅದರ ವಿಡಿಯೋ 2025ರಲ್ಲಿ ಹೊರಬಂತು. ನಾನು ಆಫೀಸಿನ ಮೇಜಿನ ಮುಂದೆ ಕೂತು ಎರಡು ಸಲ ನೋಡಿದೆ. ಯಾರೋ ಲೆವೆಲ್ ಇಳಿಸಿ ಕೊಟ್ಟ ಗೆಲುವನ್ನು ಮನುಷ್ಯನೊಬ್ಬ ಇಷ್ಟು ವರ್ಷ ಹೊತ್ತುಕೊಂಡು ತಿರುಗಬಲ್ಲ. ನನ್ನ ಫ್ರಾಸ್ಟ್ ಸೋತರೆ ಅವನಿಗೆ ಹೊರುವುದಕ್ಕೆ ಏನೂ ಇಲ್ಲ; ಹೊರಬೇಕಾದವನು ನಾನು, ನನಗೋ ಅದು ಗೊತ್ತೇ ಇರುವುದಿಲ್ಲ.

ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ನಕ್ಕ. "ಅದು ಆಟ ಮಾರಾಯ. ಯಂತ್ರ ಯಾರೂ ಅಲ್ಲ. ಯಾರೂ ಅಲ್ಲದವನು ಮೋಸ ಹೇಗೆ ಮಾಡ್ತಾನೆ?" ನಿಜವೇ. ಆದರೆ ಆ ಯಂತ್ರವನ್ನು ಬರೆದವರು ಯಾರೋ ಇದ್ದಾರೆ. ನಾನು ನಾಳೆಯೂ ಕಂಟ್ರೋಲರ್ ಹಿಡಿಯಬೇಕು ಎಂಬುದಕ್ಕಾಗಿ ಅವರು ಅದನ್ನು ಸೋಲಿಸುತ್ತಾರೆ. ಕಿಸನ್ ನಗರದ ಹುಡುಗನೂ ನನ್ನ ಮಗ ನಾಳೆ ಕ್ಲಾಸಿಗೆ ಬರಲಿ ಎಂದೇ ಮೆಲ್ಲ ಹೊಡೆದ. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಆ ಹುಡುಗ ತೆರೆದ ಗಾರ್ಡಿಗೆ ತನ್ನ ಮೂಗಿನ ಬೆಲೆ ತೆತ್ತ. ಬೇಕಂತಲೇ ಬಿಟ್ಟೆಯಾ ಎಂದು ಅವನನ್ನು ಕೇಳಬಹುದು, ಅವನು ಹೌದು ಅನ್ನಬಹುದು, ನನ್ನ ಹಾಗೆ ಸುಳ್ಳೂ ಹೇಳಬಹುದು. ತಾಳಮದ್ದಳೆಯ ಹಿರಿಯರಿಗೂ ಹೀಗೇ. ಇವತ್ತು ಎಳೆ ಬಿಟ್ಟುಕೊಟ್ಟವರು ನಾಳೆ ಅದೇ ಹೊಸಬನ ಎದುರು ರಾಮನಾಗಿ ಕೂತು ಅವನ ವಾಲಿಯಿಂದ ಪೆಟ್ಟು ತಿನ್ನಬೇಕಾದೀತು. ಫ್ರಾಸ್ಟ್‌ನ ಜಾಗದಲ್ಲಿ ನಾನು ಕೂರುವ ದಿನ ಬರುವುದಿಲ್ಲ.

ಇನ್ನೊಂದು ವ್ಯತ್ಯಾಸವನ್ನು ನನಗೆ ತೋರಿಸಿದ್ದು ಮಗನೇ, ಅವನಿಗೇ ತಿಳಿಯದಂತೆ. ಮುಂದಿನ ಕ್ಲಾಸಿಗೆ ಆ ಹುಡುಗ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮಗ ಎರಡೂ ದಿನ ಬಾಗಿಲ ಕಡೆ ನೋಡುತ್ತ ಹಗ್ಗ ಜಿಗಿದ. ರಾತ್ರಿ ಊಟಕ್ಕೆ ಕೂತಾಗ, ಮೂಗಿನ ಮೂಳೆ ಮುರಿದರೆ ಎಷ್ಟು ದಿನಕ್ಕೆ ಸರಿಹೋಗುತ್ತದೆ ಎಂದು ಅಮ್ಮನನ್ನು ಕೇಳಿದ. ಟೀವಿಯ ಎದುರಾಳಿಗೆ ಮೂಗು ಜಜ್ಜಿದರೂ ಕಣ್ಣು ಮುಚ್ಚಿಹೋದರೂ 'ಮತ್ತೆ ಆಡು' ಒತ್ತಿದರೆ ಹೊಸ ಮುಖ. ಬೆವರು ಹೇಗೆ ಹನಿಯುತ್ತದೆ, ಕೆನ್ನೆ ಹೇಗೆ ಅದುರುತ್ತದೆ ಎಂಬುದನ್ನೆಲ್ಲ ಬರೆದವರು ಆ ಮಾರನೇ ದಿನವನ್ನು ಮಾತ್ರ ಬರೆದಿಲ್ಲ. ಬರೆಯಲೂ ಬಾರದು ಅನ್ನಿ, ಯಾರು ಆಡುತ್ತಾರೆ?

ಮೂರನೇ ದಿನ ಅವನು ಬಂದ. ಮೂಗಿಗೆ ಏನೂ ಆಗಿರಲಿಲ್ಲ. ಪನವೇಲ್‌ನಲ್ಲಿ ಚಿಕ್ಕಪ್ಪನ ಮಗಳ ಮದುವೆ ಇತ್ತಂತೆ.

ಅವತ್ತು ರಾತ್ರಿ ನಾನು ಅಟ್ಟದಿಂದ ಕೇರಂ ಬೋರ್ಡು ಇಳಿಸಿದೆ. ಪೌಡರ್ ಹಾಕುತ್ತ ಹೇಳಿದೆ, ಹೌದು ಮಗಾ, ಆಗ ಬೇಕಂತಲೇ ಸೋಲುತ್ತಿದ್ದೆ ಅಂತ. "ನಂಗೊತ್ತಿತ್ತು" ಅಂದ, ತಲೆ ಎತ್ತದೆ ಕಾಯಿ ಜೋಡಿಸುತ್ತ. "ಈಗ ಹಾಗೆ ಮಾಡ್ಬೇಡ."

ಮಾಡಲಿಲ್ಲ. 25–9ರಲ್ಲಿ ಗೆದ್ದೆ. ಮೂರು ಬೋರ್ಡಿನಲ್ಲಿ ರಾಣಿಯೂ ನನಗೇ. ಅವನು ಸ್ಟ್ರೈಕರನ್ನು ಬೋರ್ಡಿನ ಮೇಲೆ ಕುಕ್ಕಿ ಎದ್ದುಹೋದ. ಬಾಗಿಲು ಹಾಕಿದ ಸದ್ದಿಗೆ ಹೆಂಡತಿ ಅಡುಗೆ ಮನೆಯಿಂದ ಇಣುಕಿ, "ಸಣ್ಣ ಹುಡುಗನ ಹತ್ರ ಒಂದಾದ್ರೂ ಬಿಡ್ಲಿಕ್ಕಾಗ್ಲಿಲ್ವಾ ನಿಮಗೆ?" ಎಂದಳು.