ಪತಿಗೃಹದ ದಾರಿ ಮತ್ತು ಸತ್ಯಾಣುವ್ರತ

ಅಣುವ್ರತಗಳ ವಿಚಾರವನ್ನು ನಾವು ಸಾಮಾನ್ಯವಾಗಿ ಅಂಗಡಿ, ಅಡುಗೆಮನೆ ಮತ್ತು ಬಸದಿಗಳ ಆವರಣದಲ್ಲಿಯೇ ಮುಗಿಸಿಬಿಡುತ್ತೇವೆ. ತೂಕದಲ್ಲಿ ಮೋಸ ಸಲ್ಲದು, ರಾತ್ರಿಭೋಜನ ಸಲ್ಲದು, ದೇವದ್ರವ್ಯವನ್ನು ಮುಟ್ಟಬಾರದು ಎಂಬಲ್ಲಿಗೆ ನಮ್ಮ ಎಚ್ಚರ ನಿಲ್ಲುತ್ತದೆ. ಇಂದು ನಮ್ಮ ಮನೆಗಳ ಮಕ್ಕಳು ಸಮುದ್ರದಾಚೆಗೆ ಸಂಬಂಧ ಬೆಳೆಸುತ್ತಿದ್ದಾರೆ. ಪತಿಯ ಅಥವಾ ಪತ್ನಿಯ ದೇಶಕ್ಕೆ ಹೊರಡುವ ಮುನ್ನ ಅವರು ತುಂಬುವ ಅರ್ಜಿಯ ಮೇಲೂ ವ್ರತದ ಅಧಿಕಾರ ಉಂಟೆ? ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆ ನಮ್ಮ ಮನೆಯಲ್ಲಿಯೇ ಎದ್ದಿತು. ಅದಕ್ಕೆ ಉತ್ತರ ಕೊಡುವಲ್ಲಿ ನಾನೇ ಎಡವುವುದರಲ್ಲಿದ್ದೆನಾದ ಕಾರಣ ಇದನ್ನು ಬರೆಯುತ್ತಿದ್ದೇನೆ.

ನನ್ನ ತಮ್ಮನ ಮಗಳಿಗೆ ಅಮೆರಿಕದಲ್ಲಿ ಹುಟ್ಟಿ ಬೆಳೆದು ಅಲ್ಲಿಯ ಪೌರನಾಗಿರುವ, ನಮ್ಮ ಸಮಾಜದವನೇ ಆದ ವರನೊಡನೆ ವಿವಾಹ ನಿಶ್ಚಯವಾಯಿತು. ಅವಳು ಅಲ್ಲಿಗೆ ಹೋಗಿ ನೆಲೆಸಲು ನ್ಯಾಯಸಮ್ಮತವಾದ ಮಾರ್ಗಗಳು ಎರಡು. ಮೊದಲನೆಯದು ವಾಗ್ದತ್ತ ವಧುವಿಗೆ ಕೊಡುವ ಕೆ-1 ವೀಸಾ. ವಧೂವರರು ಹಿಂದಿನ 2 ವರ್ಷಗಳೊಳಗೆ ಪರಸ್ಪರ ಭೇಟಿಯಾಗಿರಬೇಕು, ಇಬ್ಬರೂ ಅವಿವಾಹಿತರಾಗಿರಬೇಕು, ಅಲ್ಲಿಗೆ ತಲಪಿದ 90 ದಿನಗಳೊಳಗೆ ವಿವಾಹವಾಗಬೇಕು. ಆ ಬಳಿಕವೇ ಕಾಯಂ ವಾಸಕ್ಕೆ ಅರ್ಜಿ. ಎರಡನೆಯದು ವಿವಾಹಿತೆಯ ಮಾರ್ಗ. ಇಲ್ಲಿ ಮದುವೆಯಾದ ಮೇಲೆ ಪತಿಯು ಐ-130 ಎಂಬ ಮನವಿಯನ್ನು ಸಲ್ಲಿಸುತ್ತಾನೆ. ಕುಟುಂಬದ ಗಾತ್ರಕ್ಕೆ ಅಲ್ಲಿಯ ಸರಕಾರ ಗೊತ್ತುಪಡಿಸಿದ ಬಡತನದ ಮಿತಿಯ ಶೇಕಡ 125ರಷ್ಟಾದರೂ ವರಮಾನವಿದೆ ಎಂದು ಪೋಷಣೆಯ ಹೊಣೆಪತ್ರ ಬರೆದುಕೊಡುತ್ತಾನೆ. ಕೊನೆಗೆ ಮುಂಬಯಿಯ ಅಮೆರಿಕನ್ ಕಾನ್ಸುಲೇಟಿನಲ್ಲಿ ಸಂದರ್ಶನ. ಮದುವೆಯಾಗಿ 2 ವರ್ಷ ತುಂಬಿರದಿದ್ದರೆ ಷರತ್ತಿಗೊಳಪಟ್ಟ 2 ವರ್ಷಗಳ ಗ್ರೀನ್ ಕಾರ್ಡ್. ಅದರ ಅವಧಿ ಮುಗಿಯುವ ಮುನ್ನಿನ 90 ದಿನಗಳಲ್ಲಿ ದಂಪತಿಗಳು ಸೇರಿ ಷರತ್ತನ್ನು ತೆಗೆಸಿಕೊಳ್ಳಬೇಕು. ಈ ಮಾರ್ಗದಲ್ಲಿ ವರ್ಷಕ್ಕೂ ಮೀರಿ ಕಾಯಬೇಕಾಗುವುದುಂಟು. ಆದರೆ ಅಲ್ಲಿ ಕಾಲಿಟ್ಟ ದಿನದಿಂದಲೇ ವಧುವು ಕಾಯಂ ನಿವಾಸಿ. ದುಡಿಯುವ ಹಕ್ಕೂ ಅಂದಿನಿಂದಲೇ.

ಊರಿನ ಒಬ್ಬ ಸಲಹೆಗಾರರು ಇವೆರಡನ್ನೂ ಬಿಟ್ಟು ಮೂರನೆಯದನ್ನು ಸೂಚಿಸಿದರು. "ಪ್ರವಾಸಿ ವೀಸಾ ಮಾಡಿಸಿರಿ. ನೋಡಿ ಬರಲು ಹೋಗುತ್ತೇನೆಂದು ಬರೆಯಲಿ. ಅಲ್ಲಿಗೆ ಹೋದ ಮೇಲೆ ಉಳಿದದ್ದು" ಎಂದರು. ನಾವು ಹಿಂಜರಿದಾಗ ನಾಲ್ಕನೆಯದೂ ಬಂದಿತು. ನನ್ನ ತಾಯಿಗೆ ಆಗ ಎಂಬತ್ತೆಂಟು ವರ್ಷ. ಮೊಮ್ಮಗಳ ಮದುವೆಯನ್ನು ಬಸದಿಯಲ್ಲಿ ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. "ಮದುವೆಯನ್ನು ಬಸದಿಯಲ್ಲಿ ಮಾಡಿರಿ, ಕಾಗದದಲ್ಲಿ ನಿಶ್ಚಿತಾರ್ಥವೆಂದು ತೋರಿಸಿರಿ. ಟ್ರಸ್ಟಿನಿಂದ ವಿವಾಹಪತ್ರ ಕೊಡದಿದ್ದರಾಯಿತು" ಎಂಬುದು ಆ ಉಪಾಯ.

ಆ ಟ್ರಸ್ಟಿನ ಖಜಾಂಚಿ ನಾನೇ. ವಿವಾಹಪತ್ರದ ಪುಸ್ತಕ ನನ್ನ ಕಪಾಟಿನಲ್ಲಿಯೇ ಇದ್ದಿತು. ನಾಚಿಕೆಯಿಂದ ಹೇಳುತ್ತೇನೆ, ಒಂದು ರಾತ್ರಿಯೆಲ್ಲ ಆ ಉಪಾಯ ನನಗೆ ನಿರ್ದೋಷವಾಗಿಯೇ ಕಂಡಿತು. ಸುಳ್ಳು ಬರೆಯುವುದಿಲ್ಲ, ಬರೆಯದೆ ಇರುತ್ತೇವೆ ಅಷ್ಟೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮರುದಿನ ಹುಡುಗಿ ಕೇಳಿದಳು: "ದೊಡ್ಡಪ್ಪ, ದೇವರ ಮುಂದೆ ಸಪ್ತಪದಿ ತುಳಿದ ಮೇಲೆ ಮುಂಬಯಿಯಲ್ಲಿ ನಿನಗೆ ಮದುವೆಯಾಗಿದೆಯೇ ಎಂದು ಕೇಳಿದರೆ ಏನು ಹೇಳಲಿ?" ನನ್ನಲ್ಲಿ ಉತ್ತರವಿರಲಿಲ್ಲ.

ಅವಳ ಪ್ರಶ್ನೆಗೆ ಕಾನೂನಿನ ಆಧಾರವೂ ಉಂಟು. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ, ಸಪ್ತಪದಿಯ ಪದ್ಧತಿಯಿರುವಲ್ಲಿ ಏಳನೆಯ ಹೆಜ್ಜೆಯೊಡನೆ ವಿವಾಹ ಪೂರ್ಣವಾಗುತ್ತದೆ. ನೋಂದಣಿಯಾಗದಿದ್ದರೂ ಮದುವೆ ಮದುವೆಯೇ. ಅನಂತರ ಅವಿವಾಹಿತೆ ಎಂದು ಹೇಳುವುದು ಮೌನವಲ್ಲ, ಅಸತ್ಯ. ಮದುವೆಯಂತೆ ತೋರುವ ಸಮಾರಂಭದ ಭಾವಚಿತ್ರಗಳನ್ನು ನೋಡಿ ಅಧಿಕಾರಿಗಳು ಕೆ-1 ಅರ್ಜಿಯನ್ನು ನಿರಾಕರಿಸಿರುವುದೂ ಉಂಟು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಉಮಾಸ್ವಾಮಿಗಳು ಎಣಿಸಿದ್ದಾರೆ. ಒಂದು ಕಪಟದ ಬರಹ. ಇನ್ನೊಂದು ರಾಜ್ಯದ ಕಟ್ಟಳೆಯನ್ನು ಮೀರುವುದು. ನಾಲ್ಕನೆಯ ಉಪಾಯದಲ್ಲಿ ಕೂಟಲೇಖವಿರುವುದು ಸ್ಪಷ್ಟ. ಪ್ರವಾಸಿ ವೀಸಾದ ಉಪಾಯದಲ್ಲಿ ಕಳವು ಎಲ್ಲಿ ಬಂದಿತು ಎಂದು ಕೆಲವರು ಕೇಳಬಹುದು. ಚೌರ್ಯವೆಂದರೆ ಅದತ್ತಾದಾನ, ಕೊಡದುದನ್ನು ಕೊಳ್ಳುವುದು. ನೋಡಿ ಹಿಂದಿರುಗಲೆಂದು ಕೊಟ್ಟ ಅನುಮತಿಯನ್ನು ನೆಲೆಸುವುದಕ್ಕೆ ಬಳಸಿದರೆ, ಕೊಡದುದನ್ನು ಕೊಂಡಂತೆಯೇ ಅಲ್ಲವೆ?

ಇಲ್ಲೊಂದು ಸೂಕ್ಷ್ಮವಿದೆ. ನಿಜವಾಗಿಯೂ ನೋಡಿ ಬರಲೆಂದೇ ಹೋದ ಒಬ್ಬಾಕೆಯ ಮನಸ್ಸು ಅಲ್ಲಿ ಬದಲಾಗಿ, ಅಲ್ಲಿಯ ಪೌರನನ್ನು ಮದುವೆಯಾಗಿ, ಅಲ್ಲಿಂದಲೇ ಕಾಯಂ ವಾಸಕ್ಕೆ ಅರ್ಜಿ ಹಾಕಲು ಆ ದೇಶದ ಕಾನೂನು ಅವಕಾಶ ಕೊಡುತ್ತದೆ. ನೆಲೆಸುವ ಉದ್ದೇಶವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಮರೆಸಿ ಒಳಹೊಕ್ಕವಳ ಪಾಲಿಗೆ ಅದೇ ಕೃತ್ಯ ವಂಚನೆ. ಸಾಬೀತಾದರೆ ಆ ದೇಶದ ಬಾಗಿಲು ಜೀವಮಾನವಿಡೀ ಮುಚ್ಚಬಹುದು. ವಿನಾಯಿತಿ ದೊರೆಯುವುದು ಸುಲಭವಲ್ಲ. ಇಬ್ಬರ ವಿಮಾನವೂ ಒಂದೇ, ವೀಸಾವೂ ಒಂದೇ. ಭಾವ ಮಾತ್ರ ಬೇರೆ. ಕರ್ಮಬಂಧಕ್ಕೆ ಭಾವವೇ ಮುಖ್ಯವೆಂದು ಶಾಸ್ತ್ರ ಓದಿದ ನಾವು, ಆ ಭಾವವನ್ನೇ ಕೇಳುವ ಕಿಟಕಿಯ ಮುಂದೆ ನಿಂತಾಗ ಅದನ್ನು ಮರೆಯಬಹುದೆ?

ಮನೆಯ ಹಿರಿಯರೊಬ್ಬರು ಬಲವಾದ ಆಕ್ಷೇಪವನ್ನೇ ಎತ್ತಿದರು. "ಪರರಿಗೆ ವಿಪತ್ತು ತರುವ ಸತ್ಯವನ್ನು ಶ್ರಾವಕನು ನುಡಿಯಬೇಕಾಗಿಲ್ಲವೆಂದು ಸಮಂತಭದ್ರಾಚಾರ್ಯರೇ ಹೇಳಿಲ್ಲವೆ? ಹೊಸದಾಗಿ ಮದುವೆಯಾದವರನ್ನು ವರ್ಷಗಟ್ಟಲೆ ಅಗಲಿಸುವುದು ಹಿಂಸೆಯಲ್ಲವೆ?" ಎಂದರು. ಅಗಲಿಕೆಯ ನೋವು ನಿಜ. ಅದನ್ನು ಹಗುರವಾಗಿ ಕಾಣುವವರು ಹೆಣ್ಣುಮಕ್ಕಳನ್ನು ಕಳುಹಿಸಿಕೊಟ್ಟವರಲ್ಲ. ಆದರೆ ಆ ವಿನಾಯಿತಿ ಇರುವುದು ಅನ್ಯಜೀವಿಯ ರಕ್ಷಣೆಗಾಗಿ, ನಮ್ಮ ಅನುಕೂಲಕ್ಕಾಗಿ ಅಲ್ಲ. ಬೇಟೆಗಾರನಿಗೆ ಜಿಂಕೆಯ ದಾರಿಯನ್ನು ತೋರಿಸದಿರುವುದು ದಯೆ; ನಮ್ಮ ಕಾಯುವಿಕೆ ತಪ್ಪಲೆಂದು ಉದ್ದೇಶವನ್ನು ಮರೆಸುವುದು ಮಾಯಾಕಷಾಯ. ನಿಯಮವು ಕಠಿಣವೆಂದು ತೋರಿದರೆ ಬದಲಾಯಿಸಬೇಕೆಂದು ಬಹಿರಂಗವಾಗಿ ಕೇಳಬಹುದು. ಗುಟ್ಟಾಗಿ ಮುರಿಯುವವನು ನಿಯಮವನ್ನು ತಿದ್ದುವುದಿಲ್ಲ. ಪ್ರಾಮಾಣಿಕವಾಗಿ ಸರತಿಯಲ್ಲಿ ನಿಂತವರ ಮೇಲಿನ ಸಂಶಯವನ್ನು ಹೆಚ್ಚಿಸುತ್ತಾನೆ.

ನಾಲ್ಕು ದಶಕಗಳ ಕಾಲ ಅಂಗಡಿಯ ಲೆಕ್ಕ ಬರೆದವನು ನಾನು. ಕಿರ್ದಿಯಲ್ಲಿ ಒಂದು ಸುಳ್ಳು ಜಮೆ ಹಾಕಿದರೆ, ತಾಳೆ ನೋಡುವ ಹೊತ್ತಿಗೆ ಅದಕ್ಕೆ ಸರಿಯಾದ ಒಂದು ಸುಳ್ಳು ಖರ್ಚನ್ನೂ ಹುಟ್ಟಿಸಬೇಕಾಗುತ್ತದೆ. ವಲಸೆಯ ಕಾಗದಗಳೂ ಹಾಗೆಯೇ. ಪೌರನ ಪತ್ನಿಯು ಪತಿಯೊಡನಿದ್ದು ಕಾಯಂ ವಾಸದ 3 ವರ್ಷಗಳ ಬಳಿಕ ಪೌರತ್ವ ಕೇಳಬಹುದು. ಆಗಿನ ಅರ್ಜಿಯಲ್ಲಿಯೂ, ಹಿಂದೆ ಎಂದಾದರೂ ಸುಳ್ಳು ಮಾಹಿತಿ ಕೊಟ್ಟಿದ್ದೀರಾ ಎಂಬ ಪ್ರಶ್ನೆ ಇರುತ್ತದೆ. ಮೊದಲ ದಿನದ ಸುಳ್ಳಿಗೆ ಅಂದು ಮತ್ತೊಂದು ಸುಳ್ಳನ್ನು ಹೊಂದಿಸಬೇಕು. ಸಂಸಾರದ ಮೊದಲ ಪುಟವನ್ನೇ ಹೀಗೆ ಬರೆದು ಮಗಳ ಕೈಗೆ ಕೊಡುವುದು ಯಾವ ಬಗೆಯ ವಾತ್ಸಲ್ಯ?

ಕೊನೆಗೆ ಆಯ್ಕೆ ಸರಳವಾಯಿತು. ವಿವಾಹವನ್ನು ಅಮೆರಿಕದಲ್ಲಿ ಮಾಡುವುದಾಗಿದ್ದರೆ ಕೆ-1 ಮಾರ್ಗದಲ್ಲಿ ಯಾವ ದೋಷವೂ ಇರುತ್ತಿರಲಿಲ್ಲ. ತಾಯಿಯ ಆಸೆಯಂತೆ ಬಸದಿಯಲ್ಲಿ ನಡೆಸಲು ನಿಶ್ಚಯಿಸಿದ್ದರಿಂದ ವಿವಾಹಿತೆಯ ಮಾರ್ಗವೇ ನಮಗೆ ಉಳಿಯಿತು. ಮದುವೆಯಾಯಿತು, ನೋಂದಣಿಯಾಯಿತು, ಮನವಿ ಹೋಯಿತು. ಹದಿನೈದು ತಿಂಗಳು ಹುಡುಗಿ ತವರಿನಲ್ಲಿಯೇ ಉಳಿದಳು. ಹುಡುಗ ರಜೆ ಹಾಕಿ ಎರಡು ಸಲ ಬಂದುಹೋದ. ನೆರೆಹೊರೆಯವರು ಕೇಳಬಾರದ ಪ್ರಶ್ನೆಗಳನ್ನು ಕೇಳಿದರು. ನಿರ್ವಾಣೋತ್ಸವದ ದೀಪ ಹಚ್ಚುವಾಗ ಅವಳ ಕಣ್ಣು ತುಂಬಿದುದನ್ನು ಕಂಡು, ನಾನು ಕಠೋರನಾದೆನೇನೋ ಎಂದು ಕಳವಳಪಟ್ಟದ್ದೂ ಉಂಟು. ಮುಂಬಯಿಗೆ ಹೋಗಿ ಬಂದ ದಿನ ಅವಳು ಹೇಳಿದ್ದು ಇಷ್ಟೇ: "ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದಂತೆ ಹೇಳಿದೆ ದೊಡ್ಡಪ್ಪ, ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ." ವೀಸಾ ದೊರೆತದ್ದರಿಂದ ನಮ್ಮ ನಿರ್ಧಾರ ಸರಿಯಾಯಿತೆಂದು ನಾನು ಹೇಳುತ್ತಿಲ್ಲ. ದೊರೆಯದಿದ್ದರೂ ಅದು ಸರಿಯೇ ಆಗಿರುತ್ತಿತ್ತು.

ಬಸದಿಗಳ ಆಡಳಿತ ನೋಡುವ ಬಂಧುಗಳಲ್ಲಿ ಒಂದು ವಿನಂತಿ. ವಿವಾಹಪತ್ರದ ದಿನಾಂಕವನ್ನು ಹಿಂದು ಮುಂದು ಮಾಡಿರೆಂದು, ನಡೆದ ಮದುವೆಯನ್ನು ನಿಶ್ಚಿತಾರ್ಥವೆಂದು ಬರೆದುಕೊಡಿರೆಂದು ಪರಿಚಿತರೇ ಬಂದು ಕೇಳುತ್ತಾರೆ. ದಾಕ್ಷಿಣ್ಯಕ್ಕೆ ಒಳಗಾಗಬೇಡಿರಿ. ಬರೆದವನಿಗೆ ಮಾತ್ರವಲ್ಲ, ಬರೆಯಿಸಿದವನಿಗೂ ಅನುಮೋದಿಸಿದವನಿಗೂ ಆಸ್ರವ ತಪ್ಪಿದ್ದಲ್ಲ. ಮುಹೂರ್ತ ಗೊತ್ತುಮಾಡಲು ಬಂದ ದಿನವೇ, ಮಕ್ಕಳು ಯಾವ ಮಾರ್ಗದಲ್ಲಿ ಹೋಗುವರು ಎಂದು ವಿಚಾರಿಸಿ ಎಚ್ಚರಿಸಿದರೆ ಅನೇಕ ಕುಟುಂಬಗಳಿಗೆ ಉಪಕಾರವಾದೀತು. ನಮ್ಮ ಟ್ರಸ್ಟಿನಲ್ಲಿ ಈಗ ವಿವಾಹಪತ್ರವನ್ನು ಮದುವೆಯ ದಿನವೇ, ಬೀಗರೆಲ್ಲರ ಎದುರಿನಲ್ಲಿ, ಬರೆದುಕೊಡುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಆ ಪುಸ್ತಕ ಈಗ ನನ್ನ ಕಪಾಟಿನಲ್ಲಿಲ್ಲ.